ಹೊಳೆಯ ತಳದ ಪೀಪಾಯಿ

ನಾರೆವ್ ಹೊಳೆಗೆ ನಮ್ಮೂರ ಹತ್ತಿರ ಒಂದು ದಾರಿ ಸಾಲದು.
ಜಡೆ ಬಿಚ್ಚಿಕೊಂಡು ಏಳೆಂಟು ಎಳೆಯಾಗಿ
ಜೊಂಡಿನೊಳಗೆ ನುಸುಳಿ
ಎಲ್ಲೋ ಮುಂದೆ ಮತ್ತೆ ಕೂಡುತ್ತದೆ.
ಅದರ ದಂಡೆಯ ಕಪ್ಪು ಮಣ್ಣಿನಲ್ಲಿ
ಗೆನೊವೇಫಾ ಅತ್ತೆಯ ಸೌತೆ ಪಾತಿ.

ಮೇ ತಿಂಗಳ ನಡುವೆ ಸಂತ ಸೋಫಿಯಾ
ಕೊನೆಯ ಚಳಿ ಕೊಡವಿ ಹೋಗುವ ತನಕ
ಬೀಜಕ್ಕೆ ಮಣ್ಣು ತೋರಿಸಬಾರದು.
ಒದ್ದೆ ಬಟ್ಟೆಯಲ್ಲಿ ಬೀಜ ಕಟ್ಟಿ, ಎದೆಯ ಬಳಿ ಇಟ್ಟುಕೊಂಡು
ಅತ್ತೆ ಮೂರು ರಾತ್ರಿ ಮಲಗುತ್ತಿದ್ದಳು.
ಕೋಳಿಗೂ ಇಷ್ಟು ಕಾವಿಲ್ಲ, ಅನ್ನುತ್ತಿದ್ದ ಮಾವ,
ಗೋಡೆ ಕಡೆ ತಿರುಗಿ.

ಜುಲೈಯಲ್ಲಿ ಕಾಯಿ.
ಬೆರಳುದ್ದ, ಮೈತುಂಬ ಮುಳ್ಳು,
ಇಬ್ಬನಿಯಲ್ಲಿ ಕೊಯ್ದರೆ ಕೈಯೆಲ್ಲ ಚುರುಚುರು.
ಒಂದು ದಿನ ಮರೆತಿರೋ,
ಎಲೆಯಡಿ ಹೊಟ್ಟೆ ಬಿಟ್ಟುಕೊಂಡು, ಹಳದಿಯಾಗಿ ಮಲಗಿರುತ್ತದೆ
ಅಂಚೆ ಕಚೇರಿಯ ಗುಮಾಸ್ತನ ಹಾಗೆ.
ಅದು ಹಂದಿಗೆ.

ಓಕ್ ಪೀಪಾಯಿಯ ತಳಕ್ಕೆ ಸಬ್ಬಸಿಗೆ.
ಎಳೆ ಸೊಪ್ಪಲ್ಲ, ಕೊಡೆ ಬಿಚ್ಚಿ ಬೀಜ ಕಟ್ಟಿದ ದಂಟು.
ಚೆರ್ರಿ ಎಲೆ, ಬೆಳ್ಳುಳ್ಳಿ, ಮೂಗಿಗೇರುವ ಕಾಡುಮೂಲಂಗಿ ಬೇರು.
ಕಾಯಿಗಳು ನಿಂತೇ ಇರಬೇಕು, ಒತ್ತೊತ್ತಾಗಿ,
ಭಾನುವಾರ ತಡವಾಗಿ ಇಗರ್ಜಿಗೆ ಬಂದವರ ಹಾಗೆ.
ಎಣ್ಣೆಯಿಲ್ಲ, ಖಾರವಿಲ್ಲ,
ವಿನೆಗರ್ ಎಂದವರಿಗೆ ಅಂಗಳದೊಳಗೆ ಪ್ರವೇಶವಿಲ್ಲ.
ಉಪ್ಪು. ಕಾಯಿ.
ಹೆಸರಿನಲ್ಲಿ ಇರುವಷ್ಟೇ.

ಎಷ್ಟು ಉಪ್ಪು? ತಕ್ಕಡಿ ಯಾರ ಹತ್ತಿರವಿತ್ತು.
ನೀರಿಗೆ ಹಸಿಮೊಟ್ಟೆ ಬಿಡುವುದು:
ಮುಳುಗಿದರೆ ಇನ್ನೊಂದು ಹಿಡಿ,
ತೇಲಿ, ಸಣ್ಣ ನಾಣ್ಯದಷ್ಟು ನೆತ್ತಿ ತೋರಿಸಿದರೆ ಸಾಕು.

ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕಲ್ಲ;
ಅಕ್ಟೋಬರಿನಲ್ಲಿ ಪೀಪಾಯಿಗೆ ಕಲ್ಲು ಕಟ್ಟಿ
ದೋಣಿಯಿಂದ ಮಡುವಿಗೆ ಇಳಿಸುತ್ತಿದ್ದೆವು.
ಮೇಲೆ, ಹೆಪ್ಪುಗಟ್ಟಿದ ಹೊಳೆಯ ಬೆನ್ನಿನ ಮೇಲೆ, ಜಾರುಬಂಡಿಗಳು.
ಕೆಳಗೆ ಹುಳಿ,
ಮೆಲ್ಲಗೆ, ಕತ್ತಲಲ್ಲಿ, ಯಾರ ಅಪ್ಪಣೆಯೂ ಇಲ್ಲದೆ.

ಮಡು ಆಳವಿದ್ದದ್ದು ಒಂದೇ ಕಡೆ.
ಹಾಗಾಗಿ ಪಕ್ಕದ ಮನೆಯ ತೆಯೊದೋಜ್ಯಾಳ ಪೀಪಾಯಿಯೂ ಅಲ್ಲೇ.
ಬೇಲಿಯ ಪ್ಲಮ್ ಮರ ಯಾರದೆಂದು
ಹನ್ನೊಂದು ವರ್ಷ ಮಾತು ಬಿಟ್ಟ ಇಬ್ಬರು ಹೆಂಗಸರು
ಚಳಿಗಾಲವಿಡೀ ಹೊಳೆಯ ತಳದಲ್ಲಿ
ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಿದ್ದರು
ಅನ್ನಬಹುದು.

ನನಗೆ ಹದಿಮೂರಾದ ವರ್ಷ
ಮಾರ್ಚಿನಲ್ಲಿ ಒಡೆದ ಮಂಜುಗಡ್ಡೆ
ಸರಪಳಿ, ಗುರುತಿನ ತಗಡು ಎಲ್ಲ ಹೊತ್ತೊಯ್ದಿತ್ತು.
ಕೊಕ್ಕೆಗೆ ಮೊದಲು ಸಿಕ್ಕಿದ್ದನ್ನು ಎಳೆದು ತಂದೆ.
ಅತ್ತೆ ಮುಚ್ಚಳ ಎಬ್ಬಿಸಿದಳು. ಒಂದು ಕಾಯಿ ಕಚ್ಚಿದಳು.
ಕರ್ರ್ ಎಂದದ್ದು ಕೊಟ್ಟಿಗೆಯವರೆಗೂ ಕೇಳಿತು.
ಆಮೇಲೆ ಜಗಿಯುವುದು ನಿಂತಿತು.

“ಕರಂಟಿನ ಎಲೆ ಹಾಕಿದಾಳೆ.”

ಯಾರು ಅಂತ ನಾನು ಕೇಳಲಿಲ್ಲ.
ವಾಪಸು ಕೊಡೋಣವಾ, ಅಂದೆ.
“ಬಾಯಿ ತೆಗೆದ ಪೀಪಾಯಿಯನ್ನಾ?”

ಈಸ್ಟರ್ ದಾಟುವ ತನಕ ತಿಂದೆವು.
ಹಾಳು ರುಚಿ, ಹಾಳು ರುಚಿ ಅನ್ನುತ್ತಲೇ
ಅತ್ತೆ ಊಟಕ್ಕೆ ಎರಡೆರಡು ಎತ್ತಿಕೊಳ್ಳುತ್ತಿದ್ದಳು.
ಬೇಲಿಯಾಚೆಯೂ ಕರ್ರ್ ಕರ್ರ್.
ಯಾರ ಬಾಯಲ್ಲಿ ಯಾರ ಉಪ್ಪು
ಇಬ್ಬರಿಗೂ ಗೊತ್ತು.

ಪೀಪಾಯಿ ಖಾಲಿಯಾದ ದಿನ
ಬೂದಿ ಹಾಕಿ ತಿಕ್ಕಿ, ಕುದಿನೀರು ಹೊಯ್ದು, ಬಿಸಿಲಿಗಿಟ್ಟಳು.
ತಳದಲ್ಲಿ ಒಂದು ಕಾಗದದ ಪೊಟ್ಟಣ: ಸಬ್ಬಸಿಗೆ ಬೀಜ,
ತನ್ನ ಪಾತಿಯದು, ಯಾರಿಗೂ ಕೊಡದಿದ್ದದ್ದು.
“ಬೇಲಿ ಹತ್ತಿರ ಉರುಳಿಸಿ ಬಾ. ಕೂಗಬೇಡ.”
ಸಂಜೆಗೆ ನಮ್ಮ ಪೀಪಾಯಿ ನಮ್ಮ ಬಾಗಿಲಲ್ಲಿತ್ತು.
ಒಳಗೆ, ಒದ್ದೆ ಗೋಣಿಯಲ್ಲಿ ಸುತ್ತಿದ
ಕರಂಟಿನ ಒಂದು ಕಡ್ಡಿ, ಬೇರು ಸಮೇತ.

ಆಮೇಲೆ ಮಾತಾಡಿದರಾ ಅಂತ ಕೇಳಬೇಡಿ.
ಪ್ಲಮ್ ಮರದ ತೀರ್ಮಾನ ಇವತ್ತಿಗೂ ಆಗಿಲ್ಲ,
ಹಣ್ಣು ಎರಡೂ ಕಡೆ ಉದುರುತ್ತದೆ.
ಕಡ್ಡಿಯನ್ನು ಅತ್ತೆ ನೆಟ್ಟಳು, ನಿಜ.
ಹಂದಿಗೂಡಿನ ಹಿಂದೆ,
ಬೇಲಿಯಿಂದ ಕಾಣದ ಕಡೆ.